ಹಿಂದೆ ತಿರುಗಿ ನೋಡದ ಹುಡುಗಿ

2016ರ ಆಗಸ್ಟ್ 18 ನೆನಪಿದೆಯಾ? ರಿಯೊ ಒಲಿಂಪಿಕ್ಸ್‌ನಲ್ಲಿ ಪಿ.ವಿ. ಸಿಂಧು ಸೆಮಿಫೈನಲ್ ಗೆದ್ದ ದಿನ. ನಾವೆಲ್ಲ ಟಿವಿ ಮುಂದೆ ಕುಣಿದದ್ದೇ ಕುಣಿದದ್ದು. ಅದೇ ದಿನ ಅದೇ ಒಳಾಂಗಣದಲ್ಲಿ ಇನ್ನೊಂದು ಪಂದ್ಯವೂ ನಡೀತು, ಮಹಿಳೆಯರ ಡಬಲ್ಸ್ ಫೈನಲ್. ಅದನ್ನ ನಾನು ಎಷ್ಟೋ ಸಲ ಮತ್ತೆ ಹಾಕ್ಕೊಂಡು ನೋಡಿದ್ದೀನಿ.

ಒಂದು ಕಡೆ ಎತ್ತರದ ಡೆನ್ಮಾರ್ಕ್ ಜೋಡಿ. ಇನ್ನೊಂದು ಕಡೆ ಜಪಾನಿನ ಮಿಸಾಕಿ ಮತ್ಸುತೊಮೊ ಮತ್ತು ಅಯಾಕಾ ತಕಹಾಶಿ. ಇದೇ ಜೋಡಿ ಗುಂಪು ಹಂತದಲ್ಲಿ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾರನ್ನು 21-15, 21-10ರಿಂದ ಸೋಲಿಸಿತ್ತು. ಫೈನಲ್‌ನ ಮೂರನೇ ಗೇಮ್‌ನಲ್ಲಿ ಜಪಾನ್ 16-19ರಿಂದ ಹಿಂದಿತ್ತು. ಡೆನ್ಮಾರ್ಕ್‌ಗೆ ಬೇಕಿದ್ದದ್ದು ಎರಡೇ ಪಾಯಿಂಟ್. ಅಲ್ಲಿಂದ ಸತತ ಐದು ಪಾಯಿಂಟ್ ಗೆದ್ದು ಈ ಇಬ್ಬರೂ 21-19ಕ್ಕೆ ಆಟ ಮುಗಿಸಿದರು. ಒಲಿಂಪಿಕ್ಸ್ ಬ್ಯಾಡ್ಮಿಂಟನ್‌ನಲ್ಲಿ ಜಪಾನಿಗೆ ಅದೇ ಮೊದಲ ಚಿನ್ನ.

ಮಿಸಾಕಿ ಆಟ ನೋಡೋದೇ ಒಂದು ಪಾಠ. ದಾಳಿಗೆ ಇಳಿದಾಗ ಒಬ್ಬರು ಮುಂದೆ, ಒಬ್ಬರು ಹಿಂದೆ. ರಕ್ಷಣೆಗೆ ಬಂದಾಗ ಅಕ್ಕಪಕ್ಕ. ಹಿಂದಿನಿಂದ ಅಯಾಕಾ ಸ್ಮ್ಯಾಶ್ ಹೊಡೀತಾಳೆ. ನೆಟ್ ಹತ್ತಿರ ನಿಂತ ಮಿಸಾಕಿ ಎದುರಾಳಿಯ ರಾಕೆಟ್ ನೋಡಿಯೇ ಶಟಲ್ ಎಲ್ಲಿಗೆ ಬರುತ್ತೆ ಅಂತ ಊಹಿಸಿ ಅಲ್ಲಿ ಹಾಜರಿರ್ತಾಳೆ. ಬೆನ್ನ ಹಿಂದೆ ಏನಾಗ್ತಿದೆ ಅಂತ ತಿರುಗಿ ನೋಡೋಕೆ ಅವಳಿಗೆ ಸಮಯವೇ ಇಲ್ಲ. ನಂಬಬೇಕು, ಅಷ್ಟೇ.

ಆ ನಂಬಿಕೆ ಒಂದೇ ದಿನದಲ್ಲಿ ಬಂದದ್ದಲ್ಲ. ಇಬ್ಬರೂ ಸೆಂಡೈ ನಗರದ ಒಂದೇ ಹೈಸ್ಕೂಲಿನವರು. ಅಯಾಕಾ ಒಂದು ವರ್ಷ ಸೀನಿಯರ್. ಆಮೇಲೆ ಇಬ್ಬರೂ ಒಂದೇ ಕಂಪನಿಯ ತಂಡ ಸೇರಿದರು. ಜಪಾನಿನಲ್ಲಿ ಆಟಗಾರರನ್ನು ಬೆಳೆಸೋದರಲ್ಲಿ ಕಂಪನಿ ತಂಡಗಳ ಪಾತ್ರ ದೊಡ್ಡದು. ಇಬ್ಬರ ಅಡ್ಡಹೆಸರು ಸೇರಿಸಿ ಅಭಿಮಾನಿಗಳು 'ತಕಮತ್ಸು' ಅಂತಲೇ ಕರೆದರು. 2016ರಲ್ಲೇ ಆಲ್ ಇಂಗ್ಲೆಂಡ್ ಕೂಡ ಗೆದ್ದರು. ಜಪಾನಿನ ಮಹಿಳಾ ಜೋಡಿಗೆ 38 ವರ್ಷಗಳ ಬಳಿಕ ಸಿಕ್ಕ ಪ್ರಶಸ್ತಿ ಅದು.

ಚಿನ್ನ ಬಂದಮೇಲೆ ಕಷ್ಟ ಮನೆಯೊಳಗಿಂದಲೇ ಬಂತು. ಒಲಿಂಪಿಕ್ಸ್‌ಗೆ ಒಂದು ದೇಶದಿಂದ ಹೆಚ್ಚೆಂದರೆ ಎರಡು ಜೋಡಿ. 2018 ಮತ್ತು 2019ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ಗಳಲ್ಲಿ ಎರಡೂ ಕಡೆ ಜಪಾನಿನವರೇ, ಆದರೆ ತಕಮತ್ಸು ಅಲ್ಲ. ಟೋಕಿಯೊದ ದಾರಿ ಕಿರಿದಾಗುತ್ತಾ ಹೋಯ್ತು. ಅಷ್ಟರಲ್ಲಿ ಕೊರೊನಾ ಬಂತು, ಒಲಿಂಪಿಕ್ಸ್ ಒಂದು ವರ್ಷ ಮುಂದೆ ಹೋಯ್ತು. ಇನ್ನೊಂದು ವರ್ಷ ದೇಹ, ಮನಸ್ಸು ಎರಡನ್ನೂ ಸಜ್ಜಾಗಿ ಇಟ್ಟುಕೊಳ್ಳೋದು ಕಷ್ಟ ಅನ್ನಿಸಿ 2020ರ ಆಗಸ್ಟ್‌ನಲ್ಲಿ ಅಯಾಕಾ ನಿವೃತ್ತಿ ಹೇಳಿದಳು.

ಮಿಸಾಕಿಗೆ ಆಗ 28 ವರ್ಷ. ಹೊಸ ಜೊತೆಗಾತಿಯನ್ನು ಹುಡುಕಿ ಹಳೇ ಆಟವನ್ನೇ ಮುಂದುವರಿಸಬಹುದಿತ್ತು. ಆದರೆ ಅವಳು ಯೂಕಿ ಕಾನೆಕೊ ಜೊತೆ ಮಿಕ್ಸೆಡ್ ಡಬಲ್ಸ್ ಆಡೋಕೆ ಹೊರಟಳು. ಅಯಾಕಾಳ ಜಾಗಕ್ಕೆ ಇನ್ನೊಬ್ಬ ಅಯಾಕಾಳನ್ನು ತರೋ ಗೋಜಿಗೇ ಹೋಗಲಿಲ್ಲ. ಒಲಿಂಪಿಕ್ ಚಿನ್ನ ಗೆದ್ದವಳು ಬೇರೆ ವಿಭಾಗದಲ್ಲಿ ಮತ್ತೆ ಹೆಸರು ಮಾಡಬೇಕಿತ್ತು.

ಇದನ್ನ ಈಗ ಬರೆಯೋಕೆ ಕಾರಣ ಇದೆ. ನಾಲ್ಕು ವರ್ಷ ನನ್ನ ಜೊತೆ ಒಂದೇ ಪ್ರಾಜೆಕ್ಟ್ ಮಾಡಿದ ಗೆಳತಿ ಕಳೆದ ತಿಂಗಳು ಕೆಲಸ ಬಿಟ್ಟಳು. ಅವಳು ಕೋಡ್ ನೋಡಿದ್ದಾಳೆ ಅಂದ್ರೆ ನಾನು ಮತ್ತೆ ನೋಡ್ತಾ ಇರಲಿಲ್ಲ. ಬಿಟ್ಟು ಹೋಗ್ತೀನಿ ಅಂದಾಗ ಎಲ್ಲರೂ 'ಮಧ್ಯದಲ್ಲಿ ಕೈಕೊಟ್ಟಳು' ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಸಾಕಾಯ್ತು ಅಂತ ನೇರವಾಗಿ ಹೇಳೋದೂ ಜೊತೆಗಾರರಿಗೆ ಕೊಡೋ ಮರ್ಯಾದೆಯೇ. ಅರ್ಧ ಮನಸ್ಸಿನಿಂದ ಹಿಂದೆ ನಿಂತಿದ್ದರೆ, ಮುಂದೆ ನಿಂತವಳಿಗೆ ಅದು ತಿಳಿಯೋದೇ ಪಾಯಿಂಟ್ ಹೋದಮೇಲೆ.

ಅವಳ ಜಾಗಕ್ಕೆ ಬಂದ ಹುಡುಗನ ಕೆಲಸದ ರೀತಿಯೇ ಬೇರೆ. 'ಅವಳಾಗಿದ್ರೆ ಹೀಗೆ ಮಾಡ್ತಿದ್ಲು' ಅನ್ನೋ ಮಾತು ನಾಲಿಗೆ ತುದಿಗೆ ಬರುತ್ತೆ. ಇನ್ನೂ ಹೇಳಿಲ್ಲ. ಅವನು ತನ್ನ ಆಟ ಆಡಲಿ, ನಾನೂ ಸ್ವಲ್ಪ ನಿಲ್ಲೋ ಜಾಗ ಬದಲಿಸಿ ನೋಡ್ತೀನಿ.