ಇಂಗಿತವೆಂಬ ಅಡಗುತಾಣ

ಬಾಯಿಬಿಟ್ಟು ಹೇಳದೆ ಮನದಟ್ಟು ಮಾಡಿಸುವುದು 'ಇಂಗಿತ'. ಕಾವ್ಯದಲ್ಲಿ ಅದು ಗುಣ. ಬ್ರಾಂಪ್ಟನ್, ಮಿಸ್ಸಿಸಾಗಾಗಳ ನಮ್ಮ ಕೂಟಗಳಲ್ಲಿ ಜಾತಿಯ ಅಡಗುತಾಣ. ಇಲ್ಲಿ ಯಾರೂ ಜಾತಿ ಕೇಳುವುದಿಲ್ಲ. 'ಊರಲ್ಲಿ ಯಾವ ಕಡೆಯವರು?', 'ಮನೆದೇವರು ಯಾವುದು?', 'ನೀವು ತಿನ್ನುತ್ತೀರಾ?' ಎನ್ನುತ್ತಾರೆ. ಪ್ರಶ್ನೆಗಳು ಮೂರು, ತಿಳಿಯಬೇಕಾದದ್ದು ಒಂದೇ. ಬಸವ ಜಯಂತಿಯಂದು ವಚನ ಹಾಡಿದ ನಾಲಿಗೆಯೇ ಊಟದ ಸಾಲಿನಲ್ಲಿ ಹೀಗೆ ತಡಕುತ್ತದೆ.

2023ರ ಮಾರ್ಚ್‌ನಲ್ಲಿ ಟೊರಾಂಟೊ ಜಿಲ್ಲಾ ಶಾಲಾ ಮಂಡಳಿಯು ಶಾಲೆಗಳಲ್ಲಿನ ಜಾತಿ ತಾರತಮ್ಯವನ್ನು ಗುರುತಿಸಿ, ಒಂಟಾರಿಯೋ ಮಾನವ ಹಕ್ಕುಗಳ ಆಯೋಗದ ನೆರವು ಕೋರಿತು. ಹೆಸರಿಸಿದರೆ ಒಡಕು ಮೂಡುತ್ತದೆಂಬ ಆಕ್ಷೇಪ ಎದ್ದಿತು. ಅಕ್ಟೋಬರಿನಲ್ಲಿ ಆಯೋಗವು, ಪ್ರಾಂತ್ಯದ ಮಾನವ ಹಕ್ಕು ಸಂಹಿತೆಯಲ್ಲಿ 'ಜಾತಿ' ಎಂಬ ಪದವಿಲ್ಲದಿದ್ದರೂ ವಂಶ, ಮತ, ಜನಾಂಗೀಯ ಮೂಲ ಮುಂತಾದ ಆಧಾರಗಳಡಿ ಈ ತಾರತಮ್ಯ ನಿಷಿದ್ಧವೆಂದು ಸ್ಪಷ್ಟಪಡಿಸಿತು.

ಕಾನೂನು ಪರೋಕ್ಷವಾಗಿ ಹೇಳಿದ್ದನ್ನು ಆಯೋಗ ನೇರವಾಗಿ ಹೇಳಿತು. ನಾವೇಕೆ ಹಿಂಜರಿಯಬೇಕು? ಇಂಗಿತದ ಲಾಭವೆಲ್ಲ ಕೇಳುವವನಿಗೆ: ನೊಂದವರು ಪ್ರಶ್ನಿಸಿದರೆ 'ಸುಮ್ಮನೆ ಕೇಳಿದೆ' ಎಂದು ನುಣುಚಿಕೊಳ್ಳಬಹುದು, ತಪ್ಪು ತಿಳಿದ ಅಪವಾದ ನೊಂದವರದೇ. ಒಡಕು ಮೊದಲೇ ಇದೆ. ಹೆಸರು ಅದನ್ನು ಕಾಣಿಸುತ್ತದೆ, ಅಷ್ಟೆ. ಆದ್ದರಿಂದ ಮುಂದಿನ ಕೂಟದಲ್ಲಿ ಯಾರಾದರೂ ಮನೆದೇವರನ್ನು ವಿಚಾರಿಸಿದರೆ, ಪಕ್ಕದಲ್ಲಿರುವ ನಾವು ಶಾಂತವಾಗಿ ಕೇಳೋಣ: 'ಜಾತಿ ಕೇಳುತ್ತಿದ್ದೀರಾ?'