ಸೆಕೆಗೆ ಗಡಿಯಾರ ಗೊತ್ತಿಲ್ಲ

ಬಹರೈನಿನ ಕಟ್ಟಡ ಸೈಟುಗಳಲ್ಲಿ ಸೇಫ್ಟಿ ಉಸ್ತುವಾರಿ ನನ್ನ ಉದ್ಯೋಗ. ಜೂನ್ 15 ಆಯಿತೆಂದರೆ ಮಧ್ಯಾಹ್ನ ಹನ್ನೆರಡಕ್ಕೆ ಸರಳು ಕಟ್ಟುವವರು ಕೆಳಗಿಳಿಯಬೇಕು. ನಾಲ್ಕರ ತನಕ ಬಿಸಿಲಲ್ಲಿ ಯಾರನ್ನೂ ದುಡಿಸುವಂತಿಲ್ಲ. 2007ರಿಂದ ಇರುವ ನಿಯಮ ಇದು. ಮೊದಲು ಜುಲೈ, ಆಗಸ್ಟ್ ತಿಂಗಳಿಗಷ್ಟೇ ಇತ್ತು. 2025ರಿಂದ ಸೆಪ್ಟೆಂಬರ್ 15ರವರೆಗೆ ಮೂರು ತಿಂಗಳಾಗಿದೆ. ಮೀರಿದವರಿಗೆ 500ರಿಂದ 1,000 ದಿನಾರ್ ದಂಡ, ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ಈ ದೇಶದಲ್ಲಿ ನಾನು ಕಂಡ ಹವಾಮಾನ ಎಚ್ಚರಿಕೆಗಳಲ್ಲಿ ಕೆಲಸಕ್ಕೆ ಬಂದದ್ದು ಇದೊಂದೇ. ‘ನೀರು ಕುಡಿಯಿರಿ, ಬಿಸಿಲಿಗೆ ಹೋಗಬೇಡಿ’ ಎಂಬ ಸಂದೇಶ ಫೋನಿಗೆ ಬಂದರೆ ಕರೀಂನಗರದಿಂದ ಬಂದ ಗಾರೆಯವನು ಏನು ಮಾಡಬೇಕು? ಬಿಸಿಲಿಗೆ ಹೋಗುವುದೂ ಬಿಡುವುದೂ ಅವನ ಕೈಯಲ್ಲಿದ್ದರಲ್ಲವೇ! ಬೆಳಗಿನ ಟೂಲ್‌ಬಾಕ್ಸ್ ಮೀಟಿಂಗಿನಲ್ಲಿ ನಾನು ಹರಕು ಹಿಂದಿಯಲ್ಲಿ ಅದನ್ನೇ ಹೇಳುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಫೋರ್‌ಮನ್ ಮುಖ ನೋಡುತ್ತಾರೆ. ದಂಡದ ಭಯ ಇರುವುದು ಮಾಲೀಕನಿಗಾದ್ದರಿಂದಲೇ ಹನ್ನೆರಡರ ನಿಯಮ ನಡೆಯುತ್ತದೆ.

ಆದರೆ ಅದು ನೋಡುವುದು ಗಡಿಯಾರವನ್ನು ಮಾತ್ರ. ಜೂನಿನಲ್ಲಿ ಇಲ್ಲಿ ವಾಯವ್ಯದಿಂದ ಶಮಾಲ್ ಬೀಸುತ್ತದೆ. ಕಣ್ಣಿಗೆಲ್ಲ ಧೂಳು ತುಂಬಿದರೂ ಒಣ ಗಾಳಿ, ಬೆವರು ಆರುತ್ತದೆ. ಜುಲೈ ಕಳೆಯುತ್ತ ಗಾಳಿ ಸತ್ತಿತೋ, ಸುತ್ತಲ ಕಾದ ಸಮುದ್ರದ ತೇವವೆಲ್ಲ ದ್ವೀಪದ ಮೇಲೆ ಕೂರುತ್ತದೆ. ಆಗಸ್ಟಿನ ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಹಿಂಡುವಂತಿರುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ಒಳಗೇ ಕಾಯುತ್ತದೆ. ಕುಂದಾಪುರದ ಸೆಕೆಯಲ್ಲಿ ಬೆಳೆದ ನನಗೂ ಅದು ತಡೆಯದು. ಇದನ್ನು ಅಳೆಯುವ ಉಪಕರಣ ಹೊಸದೇನಲ್ಲ: ಒದ್ದೆ ಬತ್ತಿಯ ಥರ್ಮಾಮೀಟರ್, ಬಿಸಿಲಿಗೆ ಇಡುವ ಕಪ್ಪು ಗೋಳ, ಸಾದಾ ಥರ್ಮಾಮೀಟರ್. ಅಂತಿಮ ಲೆಕ್ಕದಲ್ಲಿ ಹತ್ತಕ್ಕೆ ಏಳು ಪಾಲು ಒದ್ದೆ ಬತ್ತಿಯದು, ಎರಡು ಗೋಳದ್ದು, ನಾವೆಲ್ಲ ದಿನಾ ಮಾತಾಡುವ ಉಷ್ಣಾಂಶದ್ದು ಒಂದೇ ಪಾಲು. ಪಕ್ಕದ ಕತಾರ್ 2021ರಲ್ಲಿ ಈ ಲೆಕ್ಕವನ್ನೇ ಕಾನೂನಿಗೆ ಸೇರಿಸಿತು. ಅದು 32.1 ಡಿಗ್ರಿ ದಾಟಿದರೆ ಗಂಟೆ ಎಷ್ಟೇ ಆಗಿರಲಿ, ಕೆಲಸ ನಿಲ್ಲಬೇಕು. ಬಹರೈನ್ ಗಡಿಯಾರದ ಪಕ್ಕದಲ್ಲಿ ಈ ಬತ್ತಿಯನ್ನೂ ಇಡಬೇಕು.

ಊರಿನವರು ಇದನ್ನು ಕೊಲ್ಲಿಯ ಕಥೆಯೆಂದು ಓದಿ ಬಿಡಬಾರದು. ಮಳೆಗಾಲದಲ್ಲಿ ರೆಡ್ ಅಲರ್ಟ್ ಎಂದರೆ ಕರಾವಳಿಯ ಮನೆಗಳಲ್ಲಿ ಮೊದಲು ಕೇಳುವುದು ‘ಡಿಸಿ ರಜೆ ಕೊಟ್ಟರಾ?’ ಎಂದು. ಜನ ಜಾಣರು, ಬಣ್ಣಕ್ಕಿಂತ ಆದೇಶದ ತೂಕ ಅವರಿಗೆ ಗೊತ್ತು. ಬೇಸಿಗೆಗೆ ಮಾತ್ರ ಅಂಥ ಆದೇಶ ಎಲ್ಲರಿಗೂ ಸಿಗುವುದಿಲ್ಲ. 2025ರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳು, ವಿಜಯಪುರ, ಬಾಗಲಕೋಟೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ ಎಂಟರಿಂದ ಒಂದೂವರೆವರೆಗೆ ನಡೆದವು. ಒಳ್ಳೆಯದೇ. ಆದರೆ ಫ್ಯಾನಿನ ಕೆಳಗೆ ಕೂತವರಿಗೆ ಆದೇಶ, ಅದೇ ಕಚೇರಿಯ ಮುಂದೆ ಚರಂಡಿ ತೋಡುವವರಿಗೆ ‘ಹೊರಗೆ ಓಡಾಡಬೇಡಿ’ ಎಂಬ ಸಲಹೆ!

ತಲಪಾಡಿ ದಾಟಿದರೆ ಕೇರಳ. ಅಲ್ಲಿನ ಕಾರ್ಮಿಕ ಆಯುಕ್ತರು ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಬಿಸಿಲ ಕೆಲಸ ನಿಲ್ಲಿಸಿ ಆದೇಶ ಹೊರಡಿಸುತ್ತಾರೆ. ಕರ್ನಾಟಕದ ಕಾರ್ಮಿಕ ಇಲಾಖೆಯೂ ಬರುವ ಮಾರ್ಚಿಗೆ ಮುನ್ನ ಅಂಥದ್ದೊಂದು ಆದೇಶ ಹೊರಡಿಸಲಿ, ಅದರಲ್ಲಿ ದಂಡದ ಮೊತ್ತವನ್ನೂ, ನಿಂತ ಹೊತ್ತಿನ ಕೂಲಿ ಕಡಿಯುವಂತಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಬರೆಯಲಿ.