ಕೆರೆಯ ಮೀನೂ ಲೆಕ್ಕದ ವಿವೇಕವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳು ಕೆರೆಕಟ್ಟೆಗಳ ಸೀಮೆ. ಕೆರೆಯ ನೀರು ಎಷ್ಟು ಗದ್ದೆಗೆ ಸಾಲುವುದೆಂಬುದನ್ನು ಅನುಭವಿಯಾದ ರೈತನು ಏರಿಯ ಮೇಲೆ ನಿಂತೇ ಹೇಳಬಲ್ಲನು. ಆದರೆ ಆ ನೀರಿನೊಳಗೆ ಮೀನೆಷ್ಟು ಎಂದು ಕೇಳಿದರೆ ದೊರೆಯುವುದು ಬರಿಯ ಊಹೆ. ಕೆರೆಗೆ ಬಿಟ್ಟ ಕಾಟ್ಲಾ, ರೋಹು ಮರಿಗಳ ಸಂಖ್ಯೆ ಕಾಗದದ ಮೇಲಿರಬಹುದು. ಬದುಕಿ ಉಳಿದವು ಎಷ್ಟೆಂಬುದನ್ನು ಆ ಕಾಗದವು ಹೇಳಲಾರದು. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಡುವವರೂ ಪಡೆಯುವವರೂ ಊಹೆಯನ್ನೇ ನೆಚ್ಚಿದರೆ, ಒಂದು ವರ್ಷದ ಅತಿಯಾಸೆಗೆ ಮುಂದಿನ ವರ್ಷಗಳು ದಂಡ ತೆರಬೇಕಾದೀತು.

ಕೆರೆಯನ್ನು ಬರಿದುಮಾಡದೆ, ಮೀನನ್ನು ಕೊಲ್ಲದೆ ಲೆಕ್ಕಹಾಕುವ ಮಾರ್ಗವೊಂದುಂಟು. ಡೆನ್ಮಾರ್ಕಿನ ಪೀಟರ್ಸನನು 1890ರ ದಶಕದಲ್ಲಿ ಮೀನುಗಳಿಗೆ ಗುರುತು ಹಾಕಿ ಬಿಟ್ಟು ಅಭ್ಯಸಿಸಿದನು. ಈ ಕ್ರಮವು ಇಂದಿಗೂ ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕೆರೆಯಲ್ಲಿ 120 ಮೀನು ಹಿಡಿದು, ಈಜುರೆಕ್ಕೆಯ ಅಂಚನ್ನು ಸ್ವಲ್ಪವೇ ಕತ್ತರಿಸಿ, ಮರಳಿ ಬಿಡಬೇಕು. ಅವು ಉಳಿದವುಗಳೊಡನೆ ಬೆರೆತ ಮೇಲೆ ಪುನಃ 100 ಮೀನು ಹಿಡಿದಾಗ 15ಕ್ಕೆ ಗುರುತಿದ್ದರೆ, 120ನ್ನು 100ರಿಂದ ಗುಣಿಸಿ 15ರಿಂದ ಭಾಗಿಸಬೇಕು. ಬರುವ ಅಂದಾಜು 800. ಮಾಧ್ಯಮಿಕ ಶಾಲೆಯ ಅನುಪಾತದ ಲೆಕ್ಕಕ್ಕಿಂತ ಇದರಲ್ಲಿ ಹೆಚ್ಚಿನದೇನೂ ಇಲ್ಲ.

ಆದರೆ ಲೆಕ್ಕಕ್ಕಿಂತ ಮುಖ್ಯವಾದುದು ಎಚ್ಚರ. ಗುರುತಿನ ಮೀನುಗಳಲ್ಲಿ ಕೆಲವು ಸತ್ತು, ಎರಡನೆಯ ಸಲ 15ಕ್ಕೆ ಬದಲು 10 ಮಾತ್ರ ಸಿಕ್ಕವೆನ್ನೋಣ. ಆಗ ಅದೇ ಲೆಕ್ಕವು 1200 ಎನ್ನುತ್ತದೆ. ಅದನ್ನು ನಂಬಿ ಅರ್ಧದಷ್ಟು, ಎಂದರೆ 600 ಮೀನು ಹಿಡಿದವನು, ಕೆರೆಯಲ್ಲಿ ಉಳಿಸುವುದು 600 ಅಲ್ಲ, ಸುಮಾರು 200. ಈ ತಪ್ಪು ಆಸೆಯ ಕಡೆಗೇ ವಾಲುವಂಥದು. ಆದಕಾರಣ ಹೆಚ್ಚು ಅಪಾಯಕರವಾದುದು.

ಎಲ್ಲ ನೀರಿಗೂ ಈ ಕ್ರಮ ಹೊಂದದು. ಹೊಳೆನರಸೀಪುರದ ಬಳಿ ಹರಿಯುವ ಹೇಮಾವತಿಯಲ್ಲಿ ಮೀನು ಬರುತ್ತದೆ, ಹೋಗುತ್ತದೆ. ಅಲ್ಲಿ ಈ ಸರಳ ಲೆಕ್ಕ ಸಲ್ಲದು. ಕೋಡಿ ಬೀಳದ, ಹೊಸ ನೀರು ಬಾರದ ಕಾಲದ ಕೆರೆಯೇ ಇದಕ್ಕೆ ತಕ್ಕ ಸ್ಥಳ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ರಕ್ಷಿತ ಮೀನುಗಳು ಭಕ್ತರು ಹಾಕುವ ಆಹಾರಕ್ಕಾಗಿ ದಡದ ಬಳಿ ಗುಂಪುಗೂಡುತ್ತವೆ. ಅವನ್ನು ಕಂಡು ಇಡೀ ಹೊಳೆಯೇ ಮೀನಿನಿಂದ ತುಂಬಿದೆಯೆಂದು ಭಾವಿಸುವುದು ಹೇಗೆ ಭ್ರಮೆಯೋ, ತೂಬಿನ ಬಳಿ ಮಾತ್ರ ಬಲೆ ಬೀಸಿ ಇಡೀ ಕೆರೆಯನ್ನು ಅಳೆಯುವುದೂ ಹಾಗೆಯೇ ಭ್ರಮೆ.

ಒಂದು ಲೆಕ್ಕವನ್ನು ಇನ್ನೊಂದರಿಂದ ಪರೀಕ್ಷಿಸುವುದು ಮೇಲು. ಅಷ್ಟೇ ಬಲೆ, ಅಷ್ಟೇ ಹೊತ್ತು ಬಳಸಿ ಮೊದಲ ದಿನ 200, ಅವನ್ನು ಬೇರೆ ನೀರಿನಲ್ಲಿಟ್ಟು ಮರುದಿನ 150 ಹಿಡಿದರೆ, ಮೊದಲ ದಿನ ಕೆರೆಯ ಕಾಲುಭಾಗ ಬಲೆಗೆ ಬಿದ್ದಿತೆಂದು ತಿಳಿಯುತ್ತದೆ. ಆಗಲೂ ಮೊತ್ತ 800. ಎರಡು ಮಾರ್ಗಗಳೂ ಒಂದೆಡೆ ಕೂಡಿದಾಗ ಅಂದಾಜಿಗೆ ಬಲ ಬರುತ್ತದೆ. ಬೇರೆಯಾದಾಗ ಕಡಿಮೆಯ ಸಂಖ್ಯೆಯನ್ನೇ ಹಿಡಿಯುವುದು ವಿವೇಕ.

ಇಂಥ ವಿದ್ಯೆ ಗ್ರಾಮಾಂತರದ ಶಾಲೆಗಳಲ್ಲಿ ನೆಲೆಗೊಳ್ಳಬೇಕು. ಮೊದಲ ಪಾಠಕ್ಕೆ ಕೆರೆಯೂ ಬೇಡ. ಮಡಕೆಯ ತುಂಬ ಅವರೆಕಾಳು, ಅದರಲ್ಲಿ ಬಣ್ಣ ಹಚ್ಚಿದ ಹಿಡಿಯಷ್ಟು ಕಾಳು ಸಾಕು. ಹಿಡಿ ಹಿಡಿಯಾಗಿ ತೆಗೆದು ಲೆಕ್ಕಹಾಕಿ, ಕೊನೆಗೆ ಎಲ್ಲವನ್ನೂ ಎಣಿಸಿ ನೋಡುವ ವಿದ್ಯಾರ್ಥಿಯು ಅಂದಾಜಿನ ಶಕ್ತಿಯನ್ನೂ ಮಿತಿಯನ್ನೂ ಒಮ್ಮೆಗೇ ಅರಿಯುತ್ತಾನೆ. ಅನಂತರ ಪಂಚಾಯಿತಿಯ ಒಪ್ಪಿಗೆ, ಮೀನುಗಾರಿಕೆ ಇಲಾಖೆಯ ಮಾರ್ಗದರ್ಶನ, ಬಲೆ ಬಲ್ಲವರ ಅನುಭವ ಇವುಗಳೊಡನೆ ಕೆರೆಗೆ ಇಳಿಯಬಹುದು. ವರ್ಷವರ್ಷದ ಸಂಖ್ಯೆಯನ್ನು ಬರೆದಿಡುವ ಒಂದು ಪುಸ್ತಕವು, ದಾನಿಗಳು ಕೊಡಬಹುದಾದ ಅತ್ಯಲ್ಪ ವೆಚ್ಚದ, ಆದರೆ ಬಹುಕಾಲ ಬಾಳುವ ಕಾಣಿಕೆಯಾದೀತು. ಇರುವುದೆಷ್ಟೆಂದು ತಿಳಿದವನಿಗೆ ಮಾತ್ರ ಉಳಿಸಬೇಕಾದುದು ಎಷ್ಟೆಂಬುದು ತಿಳಿದೀತು.